ಮೂರನೆಯ ಮೊಳೆ

ಇಳಿ, ಖುದೋನಜರ್. ಎಂಜಿನ್ ಆರಿಸು.
ಮುರ್ಗಾಬಿನ ಗಾಳಿ ಒಂದು ಗಳಿಗೆ ಸುಮ್ಮನಿದ್ದರೆ
ಟಯರಿನ ಗಾಳಿ ತಾನೇ ಹೇಳುತ್ತದೆ
ತೂತು ಎಲ್ಲೆಂದು.

ಬಕೆಟ್ಟಿನ ನೀರು ಕಲ್ಲಾಗಿದೆ, ಗುಳ್ಳೆ ನೋಡುವಂತಿಲ್ಲ.
ಕೆನ್ನೆ ಹಿಡಿಯುತ್ತೇನೆ ರಬ್ಬರಿನ ಹತ್ತಿರ,
ಕೂಸು ನಿದ್ದೆಹೋಯಿತೇ ಎಂದು ಬಗ್ಗುವ ಹಾಗೆ.
ಇಗೋ, ಇಲ್ಲಿ. ಸಣ್ಣಗೆ.
ಚಾಡಿ ಹೇಳುವವರ ಉಸಿರಿನಷ್ಟು.

ಓಶ್‌ನಲ್ಲಿ ತುಂಬಿಸಿದ ಗಾಳಿ, ಅಲ್ಲವೇ?
ಅಲ್ಲಿ ಸರಿಯಿದ್ದದ್ದು ಅಕ್‌ಬೈತಾಲ್ ಏರುವಾಗ ಬೀಗುತ್ತದೆ,
ಹೊರಗಿನದು ತೆಳುವಾದಂತೆ ಒಳಗಿನದಕ್ಕೆ ಸೊಕ್ಕು.
ರಾತ್ರಿ ಚಳಿಗೆ ಮತ್ತೆ ಮುದುಡುತ್ತದೆ.
ಬೆಳಗ್ಗೆ, ಚಕ್ರ ತಣ್ಣಗಿರುವಾಗ ಅಳೆ ಎಂದರೆ
ನೀವು ಯಾರೂ ಕೇಳುವುದಿಲ್ಲ.
ಬೂಟಿನಿಂದ ಒದ್ದು ನೋಡುತ್ತೀರಿ,
ಟಯರೇನು ಕತ್ತೆಯೇ?

ಓಶ್ ನನ್ನ ತವರು.
ಇಲ್ಲಿಗೆ ಬಂದ ಹೊಸದರಲ್ಲಿ
ಯಾರದೋ ಚಕ್ರದ ವಾಲ್ವಿಗೆ ಮೂಗು ಹಿಡಿದಿದ್ದೆ,
ಕರಬೂಜದ ವಾಸನೆ ಬಂದೀತೆಂದು.
ಬರೀ ರಬ್ಬರು.

ಸ್ಟೆಪ್ನಿ ತೆಗೆ, ನೋಡೋಣ.
ಅಯ್ಯೋ, ಇದು ಸತ್ತು ಎಷ್ಟು ದಿನವಾಯಿತು?
ಬೆನ್ನ ಹಿಂದೆ ಹೆಣ ಕಟ್ಟಿಕೊಂಡು
ನಾಲ್ಕು ಸಾವಿರ ಮೀಟರು ಹತ್ತಿಬಂದೆಯಲ್ಲ!
ಒಳಗೆ ಹೋಗು. ಶಿರ್ ಚಾಯ್ ಇದೆ, ಉಪ್ಪು ನೋಡಿ ಹಾಕಿಕೋ.

ಈಗ ಅವನು ಒಳಗೆ, ನಾನು ಹೊರಗೆ.
ಇಲ್ಲಿಂದ ಮುಂದಿನದು ಬಾಯಿಗೆ ಬರುವುದಿಲ್ಲ,
ಕೈ ಕೆಲಸ ಮಾಡುವಾಗ ಒಳಗೇ ಸುತ್ತುವುದು.

ಅಲಿಚೂರಿನ ಚಹಾದಂಗಡಿಯಲ್ಲಿ ಡ್ರೈವರುಗಳ ನಗೆ ನನಗೆ ಗೊತ್ತು:
'ಮೊಳೆ ಚೆಲ್ಲುವವಳೂ ಬುರುಲ್, ಕೀಳುವವಳೂ ಬುರುಲ್.'
ಹನ್ನೊಂದು ವರ್ಷ ಕಿತ್ತದ್ದೆಲ್ಲ ಈ ಡಬ್ಬದಲ್ಲಿದೆ.
ಲಾಳದ ಮೊಳೆ, ಚೀನಾ ಲಾರಿಯ ಬೋಲ್ಟು,
ಹಳೆಯ ಸೈನ್ಯದ ಬೇಲಿತಂತಿ,
ಒಂದು ಕಿವಿಯೋಲೆಯ ಕೊಕ್ಕೆ. ಅದು ಯಾರದೋ.

ಒಂದು ಶರತ್ಕಾಲ ಮೂರು ವಾರ ಯಾರೂ ನಿಲ್ಲಲಿಲ್ಲ.
ಬಂದವರು ಬಂದಂತೆ ಧೂಳೆಬ್ಬಿಸಿ ಹೋದರು.
ಹಿಟ್ಟಿನ ಚೀಲದ ತಳ ಕೆರೆಯುವ ಸದ್ದು
ಮಗನಿಗೆ ಕೇಳಿಸಿರಬೇಕು, ಎಂಟು ವರ್ಷದವನಿಗೆ.
ಒಂದು ರಾತ್ರಿ ಊಟಕ್ಕೆ ಕೂತು ಹಿಗ್ಗಿನಿಂದ ಹೇಳಿದ:
'ಆಪಾ, ನಾಳೆ ಗಾಡಿ ನಿಲ್ಲುತ್ತದೆ.'
ಕೊಟ್ಟಿಗೆಯ ತಗಡಿಗೆ ತಂದ ಅಗಲ ತಲೆಯ ಮೊಳೆ,
ಮೂರು,
ಸೇತುವೆಯ ಆಚೆ ನೆಟ್ಟು ಬಂದಿದ್ದ.

ಹೊಡೆಯಲಿಲ್ಲ. ಕೈಯೆತ್ತಲು ಪುರುಸೊತ್ತೆಲ್ಲಿ?
ರೇಡಿಯೋದ ಅಯಸ್ಕಾಂತ ಕಿತ್ತು ದಾರ ಕಟ್ಟಿ
ಟಾರ್ಚು ಹಿಡಿದು ಇಬ್ಬರೂ ರಸ್ತೆ ಗುಡಿಸಿದೆವು.
ಒಂದು ಸಿಕ್ಕಿತು. ನಡುರಾತ್ರಿ ಕಳೆದು ಇನ್ನೊಂದು.
ಜೋಲ್ದೋಶ್ ಅಂತ ಅವನ ಹೆಸರು,
ದಾರಿಯ ಜೊತೆಗಾರ ಎಂದರ್ಥ.
ಮೊಣಕಾಲೂರಿ ಅಳುತ್ತ ಹುಡುಕುತ್ತಿದ್ದ,
ಅವನ ಮೂಗಿನ ತುದಿ ನೀಲಿಗಟ್ಟಿದ ಮೇಲೆ
ಎತ್ತಿಕೊಂಡು ಬಂದೆ.

ಮಾರನೆಯ ದಿನ ಗಾಡಿ ನಿಲ್ಲಲಿಲ್ಲ.
ನಿಲ್ಲಲಿಲ್ಲವಲ್ಲ ಎಂದು ಖುಷಿಪಟ್ಟೆ, ಹಸಿದುಕೊಂಡೇ.

ಈಗ ಅವನು ಕುಲ್ಮಾ ಕಡೆ ಲಾರಿ ಓಡಿಸುತ್ತಾನೆ.
ಆ ರಾತ್ರಿ ನೆನಪೇ ಇಲ್ಲವಂತೆ.

ಇಕ್ಕಳ ಕಚ್ಚಿತು. ಬಾ, ಹೊರಗೆ ಬಾ.
ಅಗಲ ತಲೆ. ಸವೆದು ಬಿಲ್ಲೆಯಾಗಿದೆ.
ಅದೇ ಇರಬಹುದು. ಅಲ್ಲದೆಯೂ ಇರಬಹುದು.
ರಸ್ತೆ ಎಲ್ಲ ಮೊಳೆಗಳನ್ನೂ ಒಂದೇ ಥರ ಸವೆಸುತ್ತದೆ.
ಅರ ಹಾಕಿ ತೂತು ಉಜ್ಜಿ
ಅಂಟಿನ ಬತ್ತಿ ಒತ್ತಿ, ಬಾಲ ಕೊಯ್ದು,
ಉಗುಳು ಹಚ್ಚಿ ನೋಡಿದೆ. ಗುಳ್ಳೆಯಿಲ್ಲ.

ಏನಪ್ಪ, ಹೊಟ್ಟೆ ಬೆಚ್ಚಗಾಯಿತೇ?
ಸ್ಟೆಪ್ನಿಗೂ ತುಂಬಿಸಿದ್ದೇನೆ, ಅದರ ದುಡ್ಡು ಕೊಡು.
ಪಂಚರಿನದು ಬೇಡ.
ಬೇಡ ಅಂದೆನಲ್ಲ, ಯಾಕೆಂದು ಕೇಳಬೇಡ,
ಅಲಿಚೂರಿನಲ್ಲಿ ನಿಮಗೆ ಆಡಿಕೊಳ್ಳಲು
ಬೇರೆ ಏನಾದರೂ ಸಿಗುತ್ತದೆ.

ನಲವತ್ತು ಕಿಲೋಮೀಟರು ಹೋದ ಮೇಲೆ ನಿಲ್ಲಿಸು.
ಪಾನಾ ಹಾಕಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ,
ಎದುರುಬದುರಾಗಿ, ಸುತ್ತುವರಿದಲ್ಲ.
ಚಳಿಯೆಂದು ಬಿಟ್ಟೀಯೆ, ಜೋಕೆ.